ಸಿಮೆಂಟಿನ ಜತೆ ಮೂಳೆಯ ಮದ್ದೂ ಇರಲಿ

ಮೂಳೆ ಸವೆದ ಹಿರಿಯರ ಬೆನ್ನುಮೂಳೆಗೆ ಕೂರಿಸುವ ಸ್ಕ್ರೂಗಳು ಸಡಿಲವಾಗದಂತೆ ಬೋನ್ ಸಿಮೆಂಟ್ ತುಂಬುವ ವಿಧಾನವನ್ನು ನಿಮ್ಮ ಪತ್ರಿಕೆಯ ಲೇಖನ ಚೆನ್ನಾಗಿ ವಿವರಿಸಿದೆ. ಆದರೆ ಅದರ ಅಪಾಯಗಳನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಸರಿಯೆನಿಸಲಿಲ್ಲ. ಪುಡಿ ಮತ್ತು ದ್ರವವನ್ನು ಬೆರೆಸಿ ತಯಾರಿಸುವ ಪಿಎಂಎಂಎ ಎಂಬ ಈ ಸಿಮೆಂಟನ್ನು, ಅದು ಟೂತ್‌ಪೇಸ್ಟಿನ ಹದಕ್ಕೆ ಬಂದ ಮೇಲೆ, ಸ್ಕ್ರೂವಿನ ಸಣ್ಣ ರಂಧ್ರಗಳ ಮೂಲಕ, ಎಕ್ಸ್-ರೇ ಪರದೆಯನ್ನು ನೋಡುತ್ತಲೇ, ಒಂದೊಂದಕ್ಕೆ ಸಾಮಾನ್ಯವಾಗಿ 1ರಿಂದ 3 ಮಿಲಿಲೀಟರಿನಷ್ಟು ತುಂಬುತ್ತಾರೆ. ತೆಳುವಾಗಿರುವಾಗಲೇ ತುಂಬಿದರೆ ಅದು ರಕ್ತನಾಳಕ್ಕೆ ನುಗ್ಗಿ ಶ್ವಾಸಕೋಶವನ್ನು ಸೇರಬಹುದು, ಹಿಂದಕ್ಕೆ ಸೋರಿದರೆ ನರಗಳನ್ನು ಒತ್ತಬಹುದು. ಮುಂದೆಂದಾದರೂ ಸೋಂಕು ತಗಲಿದರೆ ಅಂಥ ಸ್ಕ್ರೂವನ್ನು ತೆಗೆಯುವುದೂ ಸುಲಭವಲ್ಲ. ಮನೆಯವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ಮಂಗಳೂರಿನಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನನ್ನ ದೊಡ್ಡಮ್ಮ, ಬೀಡಿ ಕಟ್ಟುತ್ತಾ ಕುಳಿತೇ ವಯಸ್ಸಾದವರು, ವಾಕರ್ ಹಿಡಿದು ವಾರ್ಡಿನಲ್ಲಿ ನಡೆದಾಗ ನಮಗೆಲ್ಲ ಸಮಾಧಾನವಾಯಿತು. ಆದರೆ ಬಿಡುಗಡೆಯ ಚೀಟಿಯಲ್ಲಿ ನೋವಿನ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರ ಇದ್ದವು. ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಪರೀಕ್ಷೆಯ ಸುಳಿವೇ ಇರಲಿಲ್ಲ. ಸಿಮೆಂಟು ತಾನಿರುವ ಮೂಳೆಯಲ್ಲಿ ಸ್ಕ್ರೂವಿನ ಹಿಡಿತವನ್ನು ಬಿಗಿಗೊಳಿಸುತ್ತದೆಯೇ ಹೊರತು ಮೇಲಿನ, ಕೆಳಗಿನ ಮೂಳೆಗಳ ಸವೆತವನ್ನು ತಡೆಯುವುದಿಲ್ಲ. ಆ ಪರೀಕ್ಷೆಯ ಅಂಕವಾದ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿರುವವರಿಗೆ ಟೆರಿಪ್ಯಾರಟೈಡ್, ಜೋಲೆಡ್ರೋನಿಕ್ ಆಮ್ಲದಂತಹ, ಮೂಳೆ ಸವೆತಕ್ಕೆ ಕೊಡುವ ಔಷಧಗಳು ಬೇಕೇ ಎಂಬುದನ್ನು ಸಾಧ್ಯವಾದರೆ ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರೊಡನೆ ಚರ್ಚಿಸಬೇಕು.