ಆಯ್ಕೆಯಂತೆ ಆಯ್ಕೆ!

ಸಿವಿಲ್ ಸರ್ವೀಸ್ ಮುಖ್ಯ ಪರೀಕ್ಷೆಗೆ ಕನ್ನಡ ಸಾಹಿತ್ಯ ತಗೊಂಡಿದ್ದೇನೆ ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು. "ನಿಮಗೇನ್ರೀ, ಮನೆ ಭಾಷೆ. ಎಂಟು ಪ್ರಶ್ನೆ ಕೊಡ್ತಾರೆ, ಐದು ಬರೆದರೆ ಆಯ್ತು. ಬೇಕಾದ್ದು ಆರಿಸಿಕೊಳ್ಳಿ, ಬೇಡದ್ದು ಬಿಡಿ."

ಹೌದಾ? ಹಾಗಾದರೆ ಬನ್ನಿ, ಪಠ್ಯಪುಸ್ತಕಗಳ ಮೇಲೆ ಕೇಳುವ ಎರಡನೇ ಪತ್ರಿಕೆಯಲ್ಲಿ ನೀವೇ ಆರಿಸಿ ತೋರಿಸಿ.

ಎಂಟು ಪ್ರಶ್ನೆಗಳನ್ನು ನಾಲ್ಕು ನಾಲ್ಕರಂತೆ ಎರಡು ಭಾಗ ಮಾಡಿರುತ್ತಾರೆ. ಅದರಲ್ಲಿ ಒಂದನೆಯದು, ಐದನೆಯದು ಕಡ್ಡಾಯ. ಅಲ್ಲಿಗೆ 250ರಲ್ಲಿ 100 ಅಂಕ ಹೋಯ್ತು, ಅದರಲ್ಲಿ ನಿಮ್ಮ ಇಷ್ಟ ನಡೆಯೋದಿಲ್ಲ. ಆ ಎರಡರಲ್ಲೂ ಹತ್ತತ್ತು ಅಂಕದ ಐದೈದು ತುಂಡು. ಯಾವ ಪುಸ್ತಕದಿಂದ ಬೇಕಾದರೂ ಕೇಳಬಹುದು. ಅಂದಮೇಲೆ ಯಾವ ಪುಸ್ತಕ ಬಿಡುತ್ತೀರಿ? ಉಳಿದ ಮೂರನ್ನಾದರೂ ನಮ್ಮಿಷ್ಟದಂತೆ ಬರೆಯೋಣ ಅಂದರೆ ಎರಡೂ ಭಾಗದಿಂದ ಒಂದೊಂದು ಇರಲೇಬೇಕು. ಇರಲಿ, ಅದನ್ನು ಒಪ್ಪಿಕೊಳ್ಳೋಣ. ನನ್ನ ಹೊಟ್ಟೆ ಉರಿಯೋದು ಆ ಪ್ರಶ್ನೆಗಳನ್ನು ಕಟ್ಟಿರುವ ರೀತಿ ನೋಡಿ. ಒಂದೊಂದು ಪ್ರಶ್ನೆಯೊಳಗೆ 20, 15, 15 ಅಂಕದ ಮೂರು ಉಪಪ್ರಶ್ನೆ. ಪಂಪನ ಬಗ್ಗೆ ಬರೆಯಬೇಕು ಅಂತ ಕೈ ತುರಿಸುತ್ತಿರುತ್ತದೆ, ಅದರ ಬಾಲಕ್ಕೆ 'ಭರತೇಶ ವೈಭವ'ವನ್ನೋ ರಗಳೆಯನ್ನೋ ಕಟ್ಟಿರುತ್ತಾರೆ. ರೇಷನ್ ಅಂಗಡಿಯಲ್ಲಿ ಅಕ್ಕಿ ಬೇಕಾದರೆ ಸೋಪೂ ಟೀಪುಡಿಯೂ ತಗೊಳ್ಳಿ ಅನ್ನುತ್ತಾರಲ್ಲ, ಥೇಟ್ ಹಾಗೆ. ಇದಕ್ಕೆ ಆಯ್ಕೆ ಅಂತ ಹೆಸರು!

ಪಠ್ಯಪಟ್ಟಿ ನೋಡಿದರೆ ಮಾತ್ರ ಬಾಯಲ್ಲಿ ನೀರೂರುತ್ತದೆ. ಪಂಪನ 'ವಿಕ್ರಮಾರ್ಜುನ ವಿಜಯ'ದ 12 ಮತ್ತು 13ನೇ ಆಶ್ವಾಸ (ಅಂದರೆ ಅಧ್ಯಾಯ), 'ವಡ್ಡಾರಾಧನೆ'ಯ ಎರಡು ಕಥೆ, ವಚನ, ಕನಕದಾಸರು, ಕುಮಾರವ್ಯಾಸನ ಕರ್ಣಪರ್ವ. ಆ ಕಡೆ ಹೊಸಗನ್ನಡದಲ್ಲಿ 'ಬೆಟ್ಟದ ಜೀವ', 'ಮಾಧವಿ', 'ಒಡಲಾಳ', 'ಶೂದ್ರ ತಪಸ್ವಿ', 'ತುಘಲಕ್', 'ದೇವರು'. ಅದರ ಮೇಲೆ ಜಾನಪದ. 'ಸಾವಿರದ ಒಗಟುಗಳು' ಕೂಡ ಪಟ್ಟಿಯಲ್ಲಿದೆ ಸ್ವಾಮಿ! ಸಾವಿರ ಒಗಟು ಓದಿಕೊಂಡು ಹೋಗಬೇಕು, ಅದರಿಂದ ಒಂದು ಸಾಲೂ ಬರದೇ ಇರಬಹುದು. ಪ್ರತಿ ಸಿಗದೆ ಝೆರಾಕ್ಸ್ ಅಂಗಡಿಯವನ ಕೈಕಾಲು ಹಿಡಿದ ಕಥೆ ಬೇರೆಯೇ ಇದೆ, ಅದು ಇನ್ನೊಂದು ದಿನಕ್ಕಿರಲಿ.

ಈ ಪಟ್ಟಿ ಮಾಡಿದವರು ಯಾರೋ, ಪುಣ್ಯಾತ್ಮರು, ಕರ್ಣನನ್ನು ಎರಡು ಸಲ ಇಟ್ಟಿದ್ದಾರೆ. ಪಂಪನ 12ನೇ ಆಶ್ವಾಸದಲ್ಲಿ ಅವನು ಬೀಳುತ್ತಾನೆ, ಕುಮಾರವ್ಯಾಸನ ಕರ್ಣಪರ್ವದಲ್ಲೂ ಬೀಳುತ್ತಾನೆ. ಅದೇ ರಥ, ಅದೇ ಹೂತುಹೋದ ಚಕ್ರ. ಪಂಪ ತನ್ನ ನಾಯಕ ಅರ್ಜುನ ಅಂತ ಮೊದಲೇ ಹೇಳಿಕೊಂಡವನು. ಅರ್ಜುನನನ್ನು ತನ್ನ ರಾಜ ಅರಿಕೇಸರಿಯ ಜೊತೆ ಸೇರಿಸಿ ಹಾಡುತ್ತಾ ಬಂದವನು. ಆದರೆ ಕರ್ಣ ಸತ್ತ ಗಳಿಗೆಯಲ್ಲಿ ಅವನ ಬಾಯಿಂದ ಏನು ಬರುತ್ತದೆ? "ನೆನೆಯದಿರಣ್ಣ ಭಾರತದೊಳಿಂ ಪೆಱರಾರುಮನ್". ಮಹಾಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯೋದಾದರೆ ಕರ್ಣನನ್ನು ನೆನೆ ಅನ್ನುತ್ತಾನೆ. ಆಶ್ರಯ ಕೊಟ್ಟ ರಾಜನ ಎದುರಿಗೇ! ಆ ಪದ್ಯವನ್ನು ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಪಕ್ಕ ಇಟ್ಟು ನೋಡಿದರೆ ಇಬ್ಬರು ಕವಿಗಳ ಎದೆಯೂ ಕಾಣುತ್ತದೆ. ಇದರ ಬಗ್ಗೆ ಬರೆಯೋಕೆ ನನ್ನ ಹತ್ತಿರ ಬೇಕಾದಷ್ಟಿದೆ. ಆದರೆ ಕಡ್ಡಾಯ ಪ್ರಶ್ನೆಯಲ್ಲಿ ಪಂಪನ ಪದ್ಯ ಬಂದರೆ ಸಿಗೋದು 150 ಪದ, ಲೆಕ್ಕ ಹಾಕಿದರೆ ಏಳು ನಿಮಿಷ. ಸಂದರ್ಭ ಹೇಳುವಷ್ಟರಲ್ಲಿ ಮುಗಿದುಹೋಗುತ್ತದೆ.

ಇನ್ನು ಸಲಹೆ ಕೊಡುವವರ ಕಾಟ. ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್ ಸೆಂಟರುಗಳ ಕಡೆ ಹೋಗಿ ನಿಂತರೆ ಟೀ ಅಂಗಡಿಗೊಬ್ಬ ಗುರು ಸಿಗುತ್ತಾನೆ. "ಹಳಗನ್ನಡ ಬಿಟ್ಬಿಡಿ, ರಿಸ್ಕ್. ಕಾದಂಬರಿ ಸ್ಕೋರಿಂಗ್. 'ಒಡಲಾಳ' ಸೇಫ್." ಸೇಫ್ ಅಂತೆ! ಕದ್ದು ತಂದ ಕಡ್ಲೆಕಾಯಿಯನ್ನು ಮನೆ ಮಂದಿಯೆಲ್ಲ ರಾತ್ರಿ ಒಟ್ಟಿಗೆ ಕೂತು ತಿನ್ನುವ ಆ ಪುಟಗಳನ್ನು ಓದಿದ ಮೇಲೆ ನನಗೆ ನಿದ್ದೆ ಬಂದಿರಲಿಲ್ಲ. ಕಳೆದುಹೋದ ಹುಂಜಕ್ಕಾಗಿ ಆ ಮನೆಯ ಹಿರಿಯಳು ಸಾಕವ್ವ ಅಲೆಯೋದನ್ನು ಓದಿಯೂ ಒಬ್ಬ ಮನುಷ್ಯ ಇದು ಸೇಫ್ ಅನ್ನುತ್ತಾನೆ ಅಂದರೆ ಅವನು ಪುಸ್ತಕ ತೆರೆದಿಲ್ಲ, ನೋಟ್ಸ್ ಓದಿದ್ದಾನೆ ಅಷ್ಟೆ. ತಮಾಷೆ ಏನು ಗೊತ್ತಾ, ಪಠ್ಯಗಳನ್ನು ನೇರವಾಗಿ ಓದಿರಬೇಕು ಅಂತ ಪಠ್ಯಕ್ರಮದಲ್ಲೇ ಬರೆದಿದ್ದಾರೆ. ನೇರವಾಗಿ ಓದಿದವರಿಗೆ ಏನು ಸಿಗುತ್ತದೆ ಅನ್ನೋದನ್ನು ಮಾತ್ರ ಎಲ್ಲೂ ಬರೆದಿಲ್ಲ.

ನಾನು ಹೋಗಿದ್ದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪುಸ್ತಕಗಳಿಗೆ ಮೂರು ಬಣ್ಣ ಹಚ್ಚಿದ್ದ ಹಾಳೆ ಕೊಟ್ಟರು. ಹಸಿರು ಅಂದರೆ ಬರೆಯಿರಿ, ಹಳದಿ ಅಂದರೆ ನೋಡಿಕೊಳ್ಳಿ, ಕೆಂಪು ಅಂದರೆ ಮುಟ್ಟಬೇಡಿ. ಪಂಪ ಕೆಂಪು. ಕುಮಾರವ್ಯಾಸ ಹಳದಿ. ನಾನು ಎದ್ದು ನಿಂತು, "ಸರ್, ಕಡ್ಡಾಯ ಪ್ರಶ್ನೆಯಲ್ಲಿ ಪಂಪ ಬಂದರೆ?" ಅಂತ ಕೇಳಿದೆ. "ಹತ್ತು ಅಂಕ ತಾನೆ, ಹೋಗಲಿ ಬಿಡಿ" ಅಂದರು. ಅದೇ ಹತ್ತು ಅಂಕಕ್ಕೆ ಇಲ್ಲಿ ಜನ ವರ್ಷಗಟ್ಟಲೆ ಪಿಜಿಯಲ್ಲಿ ಕೊಳೆಯುತ್ತಿದ್ದಾರೆ ಸಾರ್!

ಎಲ್ಲವನ್ನೂ ಓದಿ ಅಂದರೆ ಓದುತ್ತೇವೆ, ಅದಕ್ಕೆ ಗೊಣಗುತ್ತಿಲ್ಲ. ಓದಿದ್ದರಲ್ಲಿ ಯಾವುದು ಮನಸ್ಸಿಗೆ ತಟ್ಟಿತು ಅಂತ ಮಾತ್ರ ಯಾರೂ ಕೇಳೋದಿಲ್ಲವಲ್ಲ, ಸಿಟ್ಟಿರೋದು ಅದಕ್ಕೆ. ಸಾಹಿತ್ಯದ ಪರೀಕ್ಷೆ ರೀ ಇದು, ಗೋದಾಮಿನ ಸ್ಟಾಕ್ ಲೆಕ್ಕ ಅಲ್ಲ.

ನೂರು ಅಂಕ ಬೇಡ, ಐವತ್ತೂ ಬೇಡ. ಹದಿನೈದು ಅಂಕದ್ದು ಒಂದೇ ಒಂದು ಪ್ರಶ್ನೆ ಹಾಕಿ ನೋಡೋಣ: 'ಪಟ್ಟಿಯಲ್ಲಿರುವ ನಿಮ್ಮಿಷ್ಟದ ಯಾವುದೇ ಎರಡು ಕೃತಿಗಳನ್ನು ಅಕ್ಕಪಕ್ಕ ಇಟ್ಟು ಬರೆಯಿರಿ.' ಬಣ್ಣದ ಹಾಳೆ ಹಿಡಿದುಕೊಂಡು ಬಂದವರು ಆಗ ಏನು ಬರೆಯುತ್ತಾರೋ ನಾನೂ ನೋಡಬೇಕು.