ಮೂಡಿಗೆ ಎರಡು ಮಿಲಿಆಂಪ್

ಮೊನ್ನೆಯಿಂದ ನನ್ನ ಫೋನಿಗೆ ಒಂದೇ ಹಟ. ಯಾವ ಸುದ್ದಿ ತೆರೆದರೂ ನಡುವೆ ಅದೇ ಜಾಹೀರಾತು. ಹಣೆಗೆ ಬಿಳಿ ಪಟ್ಟಿ ಕಟ್ಟಿಕೊಂಡ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ನಸುನಗುತ್ತಾಳೆ, ಕೆಳಗೆ ಬಡ್ಡಿಯಿಲ್ಲದ ಕಂತಿನ ವಿವರ. ದಿನಾ ಇಪ್ಪತ್ತು ನಿಮಿಷ ಕಟ್ಟಿಕೊಂಡರೆ ಮನಸ್ಸು ಹಗುರವಾಗುತ್ತದಂತೆ. ನಿಮ್ಮ ಫೋನಿಗೂ ಬಂದಿರುತ್ತದೆ, ಹೊಸದಾಗಿ ಹೇಳಬೇಕಿಲ್ಲ. ಪಟ್ಟಿಯೊಳಗೆ ಇರುವುದು ಎರಡು ಎಲೆಕ್ಟ್ರೋಡು, ಒಂದು ಸಣ್ಣ ಬ್ಯಾಟರಿ, ಒಂದೆರಡು ಮಿಲಿಆಂಪ್ ಕರೆಂಟು. ಮನೆಮಂದಿಯೆಲ್ಲ ವರ್ಷಪೂರ್ತಿ ಆನಂದವಾಗಿದ್ದರೂ ಗೃಹಜ್ಯೋತಿಯ 200 ಯೂನಿಟ್ಟಿಗೆ ಕುತ್ತು ಬರುವುದಿಲ್ಲ. ಸರ್ಕಾರ ಗಮನಿಸಬೇಕು. ಆರನೆಯ ಗ್ಯಾರಂಟಿ ಇಷ್ಟು ಅಗ್ಗಕ್ಕೆ ಇನ್ನೆಲ್ಲೂ ಸಿಗದು.

ಅಮೆರಿಕದವರು ಈ ಸರಕನ್ನು ಹಿಂದೆಯೇ ಮಾರಿದ್ದಾರೆ. 2015ರಲ್ಲಿ ಥಿಂಕ್ ಎಂಬ ಕಂಪನಿ ಹಣೆಗೆ ಅಂಟಿಸುವ ಯಂತ್ರವೊಂದನ್ನು 299 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. ಫೋನಿನಲ್ಲಿ ಎರಡು ಆಯ್ಕೆ, ಒಂದು ಶಾಂತಿಗೆ, ಇನ್ನೊಂದು ಚುರುಕಿಗೆ. ಋಷಿಗಳು ಹುತ್ತ ಬೆಳೆಯುವ ತನಕ ಕೂತದ್ದು ಸುಮ್ಮನೆ ದಂಡ. ಮರುವರ್ಷವೇ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯೋರ್ಗಿ ಬುಝಾಕಿ ಎಂಬ ವಿಜ್ಞಾನಿ ಈ ಸಂಭ್ರಮದ ನಡುವೆ ಒಂದು ಅಪಶಕುನ ಆಡಿದರು. ಹೆಣದ ತಲೆಗೆ ಹೊರಗಿನಿಂದ ಕರೆಂಟು ಕೊಟ್ಟು ಒಳಗೆ ಎಷ್ಟು ತಲುಪುತ್ತದೆ ಎಂದು ಅಳೆದಿದ್ದರು. ಸುಮಾರು ಶೇ 90ರಷ್ಟು ತೊಗಲು, ಬುರುಡೆಯಲ್ಲೇ ಸೋರಿಹೋಗಿತ್ತು. ದಿಲ್ಲಿಯಿಂದ ಹೊರಟ ರೂಪಾಯಿಯಲ್ಲಿ 15 ಪೈಸೆ ಮಾತ್ರ ಬಡವನಿಗೆ ಮುಟ್ಟುತ್ತದೆ ಎಂದು 1985ರಲ್ಲಿ ರಾಜೀವ್ ಗಾಂಧಿ ಹೇಳಿದ್ದರಲ್ಲ, ಅದಕ್ಕಿಂತ ಐದು ಪೈಸೆ ಕಡಿಮೆ. ಹೆಣದ ಮೂಡು ಸುಧಾರಿಸಿತೇ ಎಂದು ಯಾರೂ ವಿಚಾರಿಸಲಿಲ್ಲ.

ಹೊಸೂರು ರಸ್ತೆಯ ನಿಮ್ಹಾನ್ಸಿನ ವೈದ್ಯರೂ ಇದೇ ಬಗೆಯ ಕರೆಂಟನ್ನು, ಇಲ್ಲದ ದನಿಗಳು ಕಿವಿಗೆ ಕೇಳಿಸುವ ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ವರ್ಷಗಳಿಂದ ಪರೀಕ್ಷೆ ಮಾಡುತ್ತ ಬಂದಿದ್ದಾರೆ. ಅವರು ಕಂತಿನ ಮೇಲೆ ಮಾರುವುದಿಲ್ಲ, ಹಬ್ಬದ ರಿಯಾಯಿತಿಯನ್ನೂ ಕೊಡುವುದಿಲ್ಲ. ಅದಕ್ಕೇ ಅವರ ಜಾಹೀರಾತು ನನಗೆ ಬರುತ್ತಿಲ್ಲ.

ಕರೆಂಟು ಕೊಟ್ಟು ಸ್ವಭಾವ ತಿದ್ದುವ ಈ ಉಮೇದಿಗೆ ಒಬ್ಬ ಮೂಲಪುರುಷ ಬೇಕೆಂದರೆ ಹೋಸೆ ಡೆಲ್ಗಾಡೊ ಇದ್ದಾರೆ. ಯೇಲ್ ವಿಶ್ವವಿದ್ಯಾಲಯದ ಪ್ರೊಫೆಸರು, ಹುಟ್ಟಿದ್ದು ಗೂಳಿಕಾಳಗಕ್ಕೆ ಹೆಸರಾದ ಸ್ಪೇನಿನ ರೋಂಡಾದಲ್ಲಿ. 1963ರಲ್ಲಿ ಕೋರ್ಡೊಬಾದಲ್ಲಿ ಅವರು ಗೂಳಿಯೆದುರು ನಿಂತ ಕಥೆ ಗೊತ್ತಿರುವುದೇ. ಮಿದುಳಿಗೆ ತಂತಿ ಇಳಿಸಿದ್ದ ಗೂಳಿ ಹಾಯಲು ಬಂತು, ಪ್ರೊಫೆಸರು ಕೈಯಲ್ಲಿದ್ದ ರೇಡಿಯೋ ಗುಂಡಿ ಒತ್ತಿದರು, ಗೂಳಿ ನಿಂತಿತು. 1965ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟಕ್ಕೆ ಹಾಕಿತು. ಸಿಟ್ಟಿಗೆ ಸ್ವಿಚ್ಚು ಸಿಕ್ಕಿತೆಂದು ಜಗತ್ತು ಬೆರಗಾಯಿತು. ಆಮೇಲೆ ಕೆಲವು ತಜ್ಞರು ತಕರಾರು ತೆಗೆದರು: ತಂತಿ ಇಳಿದಿದ್ದ ಕಾಡೇಟ್ ಎಂಬ ಜಾಗ ಮೈಯ ಚಲನೆಯನ್ನು ನಡೆಸುವಂಥದ್ದು, ಕರೆಂಟು ಹರಿದಾಗ ಗೂಳಿ ಒಂದೇ ಬದಿಗೆ ಸುತ್ತಿತು, ಅದರ ಸಿಟ್ಟು ಇದ್ದಲ್ಲೇ ಇದ್ದಿರಬಹುದು ಎಂದು. ಟೋಯಿಂಗ್ ಸಿಬ್ಬಂದಿ ಮುಂದಿನ ಚಕ್ರ ಎತ್ತಿದ ಮೇಲೆ ನಾನೂ ಗಾಡಿ ಓಡಿಸುವುದಿಲ್ಲ. ಅದನ್ನು ನೋಡಿ ನನ್ನ ಸಿಟ್ಟು ಇಳಿದಿದೆ ಎಂದು ಯಾರೂ ಮುಖಪುಟದಲ್ಲಿ ಹಾಕಬಾರದು.

ಗೂಳಿಗಿಂತ ನನಗೆ ಪ್ರೀತಿ ಎಲ್ಸಾ ಮೇಲೆ. ಡೆಲ್ಗಾಡೊ ಸಾಕಿದ್ದ ಕೋತಿಗಳ ಗುಂಪಿನಲ್ಲಿ ಅಲಿ ಎಂಬ ಯಜಮಾನ ಕೋತಿಯಿತ್ತು, ಮಹಾ ಮುಂಗೋಪಿ. ಅದರ ಮಿದುಳಿಗೆ ತಂತಿ ಹಾಕಿ, ಅದನ್ನು ತಣಿಸುವ ಹಿಡಿಯನ್ನು ಗುಂಪಿನವರಿಗೇ ಸಿಗುವಂತೆ ಪಂಜರದೊಳಗೇ ಇಟ್ಟರು. ಎಲ್ಸಾ ಎಂಬ ಹೆಣ್ಣು ಕೋತಿ ಅದರ ಗುಟ್ಟು ಕಂಡುಹಿಡಿಯಿತು. ಅಲಿ ಹಲ್ಲು ಕಿರಿದು ಮೇಲೆ ಬಂದಾಗಲೆಲ್ಲ ಹೋಗಿ ಹಿಡಿ ಒತ್ತುವುದು, ಅಲಿ ತಣ್ಣಗಾಗುವುದು. ಸರ್ವಾಧಿಕಾರಿಯನ್ನು ದೂರದಿಂದಲೇ ಹತೋಟಿಗೆ ತರುವ ಮನುಷ್ಯನ ಹಳೇ ಕನಸು ಕೋತಿಗಳ ಮಟ್ಟಿಗಾದರೂ ನನಸಾಯಿತು ಎಂಬ ಅರ್ಥದ ಮಾತನ್ನು ಡೆಲ್ಗಾಡೊ 1969ರಲ್ಲಿ ಪುಸ್ತಕದಲ್ಲೇ ಬರೆದರು. ಎಂಥಾ ಸಂಶೋಧನೆ! ಇದನ್ನು ಮುಂದುವರಿಸದೆ ಬಿಟ್ಟ ಮನುಕುಲಕ್ಕೆ ಏನೆನ್ನಬೇಕು? ಮಾಡಬೇಕಿದ್ದದ್ದು ಇಷ್ಟೇ. ಪ್ರತಿ ಕಚೇರಿಯಲ್ಲೂ ನೀರಿನ ಫಿಲ್ಟರಿನ ಪಕ್ಕ ಒಂದು ಹಿಡಿ. ಅಪ್ರೈಸಲ್ ತಿಂಗಳಲ್ಲಿ ಎರಡು. ವಿಧಾನಸೌಧದಲ್ಲಿ ಬೇಕಾದರೆ ಸಭಾಧ್ಯಕ್ಷರ ಪೀಠಕ್ಕೇ ಒಂದು ಫಲಕ ಜೋಡಿಸಲಿ, ಮಾರ್ಷಲ್‌ಗಳು ಶಾಸಕರನ್ನು ಎತ್ತಿ ಒಯ್ಯುವ ಶ್ರಮ ಉಳಿಯುತ್ತದೆ. ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಗೆ ತಂತಿ ಕಡ್ಡಾಯ, ಅದನ್ನು ಬೈಲಾದಲ್ಲಿ ಸೇರಿಸಿ. ಆದರೆ ನೋಡಿ, ಇಷ್ಟು ವರ್ಷದಲ್ಲಿ ಬಂದ ಯಾವ ಯಂತ್ರದಲ್ಲೂ ತಂತಿ ಅಲಿಯ ತಲೆಗೆ ಹೋಗಿಲ್ಲ. ಎಲ್ಲವೂ ಎಲ್ಸಾಳ ತಲೆಗೇ. ಮ್ಯಾನೇಜರು ಕಿರುಚುತ್ತಾರೆಯೇ? ನೀವು ಪಟ್ಟಿ ಕಟ್ಟಿಕೊಳ್ಳಿ, ಇಪ್ಪತ್ತು ನಿಮಿಷ. ಕಂತೂ ನಿಮ್ಮದೇ.

ವಿಜ್ಞಾನಕ್ಕೆ ನಾನು ವಿರೋಧಿಯಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೂರ್ಛೆರೋಗದ ಹದಿನಾರರ ಹುಡುಗಿಯೊಬ್ಬಳ ಶಸ್ತ್ರಚಿಕಿತ್ಸೆಗೆ ಮೊದಲು ಇಟ್ಝಾಕ್ ಫ್ರೀಡ್ ತಂಡದ ವೈದ್ಯರು ಮಿದುಳಿನ ಮುಂಭಾಗದ ಒಂದು ಸಣ್ಣ ಜಾಗಕ್ಕೆ ಕರೆಂಟು ಕೊಟ್ಟರು. ಕಡಿಮೆ ಕೊಟ್ಟಾಗ ಮುಗುಳ್ನಗೆ, ಹೆಚ್ಚು ಕೊಟ್ಟಾಗ ಬಿದ್ದು ಬಿದ್ದು ನಗು. ಯಾಕೆ ನಗುತ್ತೀ ಎಂದರೆ ಪ್ರತಿಸಲವೂ ಅವಳ ಬಳಿ ಕಾರಣವಿತ್ತು. ಒಮ್ಮೆ ಕುದುರೆಯ ಚಿತ್ರ ತಮಾಷೆಯಾಗಿತ್ತು. ಇನ್ನೊಮ್ಮೆ ಸುತ್ತ ನಿಂತಿದ್ದ ಡಾಕ್ಟರುಗಳೇ ತಮಾಷೆಯಾಗಿ ಕಂಡರು. ಕೋಟು ತೊಟ್ಟ ಪಂಡಿತರ ಗುಂಪೊಂದು ಹುಡುಗಿಯ ತಲೆಗೆ ಕರೆಂಟು ಬಿಟ್ಟು ಮುಖ ನೋಡುತ್ತ ನಿಂತರೆ ತಮಾಷೆಯಲ್ಲದೆ ಇನ್ನೇನು? ನನ್ನ ಪ್ರಕಾರ ಅವಳ ಉತ್ತರ ಸರಿಯಾಗಿಯೇ ಇತ್ತು.

ಮರುವರ್ಷ ಪ್ಯಾರಿಸಿನಿಂದ ಬಂದ ವರದಿ ಓದಿದರೆ ಮಾತ್ರ ನಗು ಬರುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಯ 65ರ ಹೆಂಗಸು, ಹಿಂದೆಂದೂ ಖಿನ್ನತೆ ಇಲ್ಲದವರು. ಚಿಕಿತ್ಸೆಗೆಂದು ಮಿದುಳಿಗೆ ಇಳಿಸಿದ್ದ ತಂತಿಯ ಒಂದು ತುದಿಗೆ ಕರೆಂಟು ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಅಳತೊಡಗಿದರು, ಬದುಕು ಸಾಕಾಗಿದೆ ಎಂದರು. ಕರೆಂಟು ನಿಲ್ಲಿಸಿ ಒಂದೂವರೆ ನಿಮಿಷದೊಳಗೆ ಅದೆಲ್ಲ ಮಾಯ, ವೈದ್ಯರ ಜೊತೆ ನಗೆಚಾಟಿಕೆ ಬೇರೆ. ಜೀವಮಾನದ ದುಃಖ ಅನ್ನುವುದನ್ನು ಐದು ಸೆಕೆಂಡಿನಲ್ಲಿ ತರಿಸಬಹುದಾದರೆ ಕವಿಗಳ ಗತಿಯೇನು ಎಂದು ಬರೆಯಲು ಹೊರಟಿದ್ದೆ. ಬೇಡ. ಆ ಹೆಂಗಸಿಗೆ ಆ ಹೊತ್ತು ಅದು ನಿಜವೇ ಆಗಿತ್ತು.

ಇನ್ನು ರಾಬರ್ಟ್ ಹೀತ್. ನ್ಯೂ ಆರ್ಲಿಯನ್ಸಿನ ಟುಲೇನ್ ವಿಶ್ವವಿದ್ಯಾಲಯದಲ್ಲಿ 1949ರಿಂದ 1980ರವರೆಗೆ ಮನೋವೈದ್ಯ ವಿಭಾಗದ ಮುಖ್ಯಸ್ಥ. ಮಹಾನುಭಾವರು 1972ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಿ-19 ಎಂಬ ಸಂಖ್ಯೆಯ ಯುವಕನೊಬ್ಬ, 24 ವರ್ಷ, ಗಂಡಸರತ್ತ ಆಕರ್ಷಿತನಾದವ. ಅವನ ಮಿದುಳಿಗೆ ತಂತಿ ಇಳಿಸಿ, ಸುಖದ ಗುಂಡಿಯನ್ನು ಕೈಗೆ ಕೊಟ್ಟು, ಅವನ ಒಲವನ್ನು ಹೆಣ್ಣಿನತ್ತ ತಿರುಗಿಸುವ ಪ್ರಯೋಗ. ಅವನು ಸಾವಿರಕ್ಕೂ ಹೆಚ್ಚು ಸಲ ಗುಂಡಿ ಒತ್ತಿದ, ಬೇಡಬೇಡವೆಂದರೂ ಕಡೆಗೆ ಕಿತ್ತುಕೊಳ್ಳಬೇಕಾಯಿತು. ಪ್ರಯೋಗ ಪೂರ್ತಿಯಾಗಲೆಂದು ಹಣ ಕೊಟ್ಟು ಒಬ್ಬ ಹೆಣ್ಣನ್ನೂ ಪ್ರಯೋಗಾಲಯಕ್ಕೆ ಕರೆಸಿದರು. ಇದೆಲ್ಲ ಕದ್ದುಮುಚ್ಚಿ ನಡೆದದ್ದಲ್ಲ, ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿದೆ. ಮರುವರ್ಷವೇ, 1973ರ ಡಿಸೆಂಬರಿನಲ್ಲಿ, ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿತು. ಇಲ್ಲದ ಕಾಯಿಲೆಗೆ ಬುರುಡೆ ಕೊರೆದದ್ದಾಯಿತು. ಇದಕ್ಕೆ ವಿಡಂಬನೆ ಬರೆಯಲು ನನಗೆ ಆಗುತ್ತಿಲ್ಲ, ಕ್ಷಮಿಸಿ. ಅಮೆರಿಕವನ್ನೇ ಬೈದು ಕೈತೊಳೆಯುವ ಹಾಗೂ ಇಲ್ಲ. ಇಂಥ ‘ಸರಿಪಡಿಸುವ’ ಚಿಕಿತ್ಸೆ ವೃತ್ತಿಯ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಲು 2022 ಆಗಬೇಕಾಯಿತು, ಅದೂ ಮದ್ರಾಸ್ ಹೈಕೋರ್ಟು ಬೆನ್ನಿಗೆ ಬಿದ್ದ ಮೇಲೆ. ಮಾನಸಿಕ ಆಸ್ಪತ್ರೆಗಳಲ್ಲಿ ‘ಕರೆಂಟು ಕೊಡುವ’ ಮೊದಲು ರೋಗಿಗೆ ಅರಿವಳಿಕೆ ಕೊಡಿ ಎನ್ನುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಬರೆದು ಹೇಳಬೇಕಾಯಿತು. ಬರೆಯದಿದ್ದರೆ ನಮಗೆ ತಿಳಿಯುತ್ತಿರಲಿಲ್ಲವೇ?

ಹೋಗಲಿ. ಒಳ್ಳೆಯವರ ಕಥೆಯನ್ನೂ ಹೇಳಿಬಿಡುತ್ತೇನೆ. ಯಾವ ಮಾತ್ರೆಗೂ ಬಗ್ಗದ ಖಿನ್ನತೆಯಿದ್ದ ಆರು ಜನರಿಗೆ ಟೊರೊಂಟೊದಲ್ಲಿ ಹೆಲೆನ್ ಮೇಬರ್ಗ್ ಮತ್ತು ಸಂಗಡಿಗರು ಮಿದುಳಿನಲ್ಲಿ ದುಃಖದೊಡನೆ ನಂಟಿರುವ 25ನೇ ವಲಯವೆಂಬ ಜಾಗದ ಬಳಿ ತಂತಿ ಹಾಕಿದರು. ಆಪರೇಷನ್ ಟೇಬಲಿನ ಮೇಲೆಯೇ ಕೆಲವರಿಗೆ ಕೋಣೆಯ ಬೆಳಕು ಹೆಚ್ಚಿದಂತೆ ಕಂಡಿತಂತೆ. ನಾಲ್ವರು ಚೇತರಿಸಿಕೊಂಡರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಇದು ನಿಜಕ್ಕೂ ದೊಡ್ಡ ಕೆಲಸ, ಹುಡುಗಾಟವಲ್ಲ. ಆಮೇಲೆ ಇಂಥ ಯಂತ್ರ ಮಾಡುವ ಸೇಂಟ್ ಜೂಡ್ ಎಂಬ ಕಂಪನಿ 90 ಜನರ ಮೇಲೆ ದೊಡ್ಡ ಪರೀಕ್ಷೆ ಹೂಡಿತು. ತಂತಿ ಎಲ್ಲರಿಗೂ ಹಾಕಿ, ಕರೆಂಟು ಮಾತ್ರ ಅರುವತ್ತು ಜನರಿಗೆ. ಆರು ತಿಂಗಳಿಗೆ ನೋಡಿದರೆ ಕರೆಂಟು ಸಿಕ್ಕವರಲ್ಲಿ ಶೇ 20 ಮಂದಿ ಸುಧಾರಿಸಿದ್ದರು, ಸಿಗದವರಲ್ಲಿ ಶೇ 17. ಪರೀಕ್ಷೆ ನಿಂತಿತು. ತಮಾಷೆಯೆಂದರೆ ಆಮೇಲೂ ಕರೆಂಟು ಮುಂದುವರಿಸಿ ಎರಡು ವರ್ಷ ಕಾದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸುಧಾರಿಸಿದರು. ಮನಸ್ಸಿಗೆ ಬೇಕಾದ ಸಮಯಕ್ಕೂ ಕಂಪನಿ ಕೊಡುವ ಗಡುವಿಗೂ ತಾಳೆ ಬೀಳಲಿಲ್ಲ.

ಅಷ್ಟರಲ್ಲಿ 2017ರ ಜನವರಿಯಲ್ಲಿ ಸೇಂಟ್ ಜೂಡನ್ನು ಅಬಾಟ್ ಕಂಪನಿ ಕೊಂಡುಕೊಂಡಿತು. ತಲೆಯಲ್ಲಿ ತಂತಿ, ಎದೆಯ ತೊಗಲಿನಡಿ ಬ್ಯಾಟರಿ ಹೊತ್ತವರಿಗೆ ಯಂತ್ರದ ಕಂಪನಿಯೇ ಬದಲಾಯಿತು. ಬ್ಯಾಟರಿ ಸವೆದರೆ ಮತ್ತೆ ಕೊಯ್ದೇ ಬದಲಿಸಬೇಕು, ಬಿಲ್ಲು ಬೇರೆ. ಷೇರುದಾರರಿಗೆ ನಗದೂ ಸಿಕ್ಕಿತು, ಹೊಸ ಕಂಪನಿಯ ಷೇರೂ ಸಿಕ್ಕಿತು. ಅವರ ಮೂಡು ಹೇಗಿತ್ತೆಂದು ತಿಳಿಯಲು ಯಾರ ಬುರುಡೆಯನ್ನೂ ಕೊರೆಯಬೇಕಾಗಿ ಬರಲಿಲ್ಲ.