ಪರ-ವಿರೋಧ: ಕೋಲ್ಸ್ ಕೈಗೆ ಹಡಗು ಕೊಟ್ಟಿದ್ದು ತಪ್ಪಾ?

ಪರ: ತಪ್ಪೇ, ಇನ್ನೇನು!

1870ರ ಸೆಪ್ಟೆಂಬರ್ 7ರ ನಡುರಾತ್ರಿ ಬ್ರಿಟಿಷ್ ನೌಕಾಪಡೆಯ 'ಕ್ಯಾಪ್ಟನ್' ಎಂಬ ಹಡಗು ಸ್ಪೇನ್ ತೀರದಾಚೆ ಬಿರುಗಾಳಿಗೆ ಮಗುಚಿತು. ಸತ್ತವರು ಸುಮಾರು 480. ಉಳಿದವರು 18. ಹಟ ಹಿಡಿದು ಅದನ್ನು ಕಟ್ಟಿಸಿದ ಕೌಪರ್ ಕೋಲ್ಸ್ ಕೂಡ ಅದರ ಜೊತೆಗೇ ಮುಳುಗಿದ.

ಕೋಲ್ಸ್ ನೌಕಾಧಿಕಾರಿ. ತಿರುಗುವ ಗೋಪುರದಲ್ಲಿ ತೋಪು ಕೂರಿಸೋದರಲ್ಲಿ ಜಾಣ, ಒಪ್ಪೋಣ. ಹಡಗು ಕಟ್ಟೋದು ಬೇರೆ ವಿದ್ಯೆ. ನೌಕಾಪಡೆಯ ಮುಖ್ಯ ವಿನ್ಯಾಸಕ ಎಡ್ವರ್ಡ್ ರೀಡ್ ಬೇಡ ಅಂದ. ಕೋಲ್ಸ್ ಪತ್ರಿಕೆಗಳಿಗೆ ಬರೆದೂ ಬರೆದೂ ಇಂಗ್ಲೆಂಡಿನ ಬರ್ಕನ್‌ಹೆಡ್‌ನ ಲೇರ್ಡ್ ಹಡಗು ಕಾರ್ಖಾನೆಯಲ್ಲಿ ತನ್ನಿಷ್ಟದಂತೆ ಕಟ್ಟಿಸಲು ಅನುಮತಿ ಗಿಟ್ಟಿಸಿದ. ತೂಕ ಜಾಸ್ತಿಯಾಗಿ, ನೀರಿನಿಂದ 8 ಅಡಿ ಮೇಲಿರಬೇಕಿದ್ದ ಡೆಕ್ಕು ಸುಮಾರು 6.5 ಅಡಿಗೆ ಇಳಿಯಿತು. ಮೇಲೆ ಭಾರೀ ಎತ್ತರದ ಹಾಯಿಕಂಬಗಳು ಬೇರೆ!

ರೀಡ್‌ಗೆ ಹೊಟ್ಟೆಕಿಚ್ಚು ಅನ್ನುವವರಿದ್ದಾರೆ. ಅವನೂ ಗೋಪುರದ ಹಡಗು ಕಟ್ಟಿದ್ದ, ಮೊನಾರ್ಕ್. ಅದೇ ರಾತ್ರಿ, ಅದೇ ಬಿರುಗಾಳಿಯಲ್ಲಿ ಅದು ಬಚಾವಾಯಿತು.

ನಮ್ಮ ಮನೆ ಕಟ್ಟುವಾಗ ನಾನೂ ಕೋಲ್ಸ್ ಆಗಿದ್ದೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಬೇಡ, ಪ್ಲಿಂತ್ (ರಸ್ತೆಯಿಂದ ಮನೆ ನೆಲದ ಎತ್ತರ) ಒಂದೂವರೆ ಅಡಿ ತಗ್ಗಿಸಿ ಅಂದೆ. ಇಂಜಿನಿಯರ್ ತಲೆ ಕೆರೆದುಕೊಂಡು "ನಿಮ್ಮಿಷ್ಟ ಸಾರ್" ಅಂದರು. ಮೊದಲ ಜೋರು ಮಳೆಗೇ ರಸ್ತೆ ನೀರು ಹಾಲ್‌ಗೆ ನುಗ್ಗಿತು. ಅಮ್ಮನ ಒಂದು ಚಪ್ಪಲಿ ಟಿವಿ ಸ್ಟ್ಯಾಂಡ್ ಹತ್ತಿರ ತೇಲುತ್ತಿತ್ತು. ಈಗ ಬಾಗಿಲಿಗೆ ಅಡ್ಡ ಇಟ್ಟಿಗೆ ಕಟ್ಟೆ ಕಟ್ಟಿಸಿದ್ದೇನೆ. ಅಮ್ಮ ದಿನಾ ಅದನ್ನು ಹತ್ತಿ ಇಳೀತಾರೆ. ಕೆಲಸ ಗೊತ್ತಿದ್ದವರ ಮಾತು ಕೇಳಬೇಕಿತ್ತು, ಅಲ್ವಾ?

ವಿರೋಧ: ಅವನೊಬ್ಬನದೇ ಅಲ್ಲ

ಕೋಲ್ಸ್ ಪರ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಅಷ್ಟು ಸಾವಿನ ಮುಂದೆ ವಾದ ಮಾಡೋದು ಕಷ್ಟ.

ಆದರೂ ಅಧಿಕಾರ ನಿಜವಾಗಿ ಅವನ ಕೈಲಿತ್ತಾ? ಹಡಗು ಕಟ್ಟುವ ಕಾಲದಲ್ಲಿ ಅವನಿಗೆ ಕಾಯಿಲೆ, ಕಾರ್ಖಾನೆಗೆ ಹೋಗಿ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಇತ್ತ ರೀಡ್ ಕಡೆಯವರು ನಕ್ಷೆಗಳಿಗೆ 'ಒಪ್ಪಿಗೆ' ಕೊಡಲಿಲ್ಲ. 'ಆಕ್ಷೇಪಣೆ ಇಲ್ಲ' ಅಂದರು. ಇದು ಕೈ ತೊಳೆದುಕೊಳ್ಳುವ ಮಾತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಜುಲೈನಲ್ಲಿ ಹಡಗು ಎಷ್ಟು ವಾಲಿದರೆ ಮಗುಚುತ್ತೆ ಅಂತ ತಿಳಿಯಲು ಪರೀಕ್ಷೆ ಮಾಡಿದರು. ಲೆಕ್ಕ ಮುಗಿಯುವ ಮೊದಲೇ ಸಮುದ್ರಕ್ಕೆ ಕಳಿಸಿದರು. ಅದು ಕೋಲ್ಸ್ ಮಾಡಿದ್ದಲ್ಲ.

ನೌಕಾಪಡೆಯ ಮಂತ್ರಿ ಚೈಲ್ಡರ್ಸ್ ಅಂತೂ ಮೊನಾರ್ಕ್‌ನಲ್ಲಿದ್ದ ತನ್ನ ಮಗನನ್ನೇ ಈ ಹಡಗಿಗೆ ಬದಲಾಯಿಸಿದ್ದ. ಅಷ್ಟು ನಂಬಿಕೆ. ಆ ಹುಡುಗನೂ ವಾಪಸ್ ಬರಲಿಲ್ಲ.